ಬೆಣ್ಣೆಕಲ್ಲಮ್ಮನ ಮೀಸೆ

ಕೊರೋನಾ ಕಳೆದು ಶಾಲೆಗಳು ಬಾಗಿಲು ತೆರೆದ ಮಾರನೆಯ ವರ್ಷದ ಮಾತು. ಆಗ ನಾನು ಹೊಳೆನರಸೀಪುರದ ಒಂದು ಸಣ್ಣ ಕಲಿಕಾ ಕೇಂದ್ರದಲ್ಲಿ ಕ್ಷೇತ್ರ ಸಹಾಯಕಿಯಾಗಿದ್ದೆ. ಹೆಸರು ದೊಡ್ಡದು. ಕೆಲಸ ಬಿಡಿಸಿ ಹೇಳಿದರೆ ಇಷ್ಟು: ಶಾಲೆಯ ಮಕ್ಕಳನ್ನೋ, ಸ್ತ್ರೀಶಕ್ತಿ ಸಂಘದ ಹೆಂಗಸರನ್ನೋ ಒಂದು ದಿನದ ಮಟ್ಟಿಗೆ ಬಯಲಿಗೆ ಕರೆದುಕೊಂಡು ಹೋಗುವುದು. ಬೆಳಿಗ್ಗೆ ಚರಿತ್ರೆ, ಊಟವಾದ ಮೇಲೆ ಪ್ರಕೃತಿ. ಗುಡಿ, ಕಲ್ಲು, ಶಾಸನ ಒಂದು ಹೊತ್ತು. ಕೆರೆ, ಹಕ್ಕಿ, ಮರ ಇನ್ನೊಂದು ಹೊತ್ತು. ಪಾಠ ಹೇಳುವುದು ನನ್ನ ಕೆಲಸವಲ್ಲ, ಅದಕ್ಕೆ ಓದಿದವಳೊಬ್ಬಳು ಇದ್ದಳು. ಮಕ್ಕಳು ಕೆರೆಗೆ ಬೀಳದಂತೆ ನೋಡುವುದು, ಊಟ ನೀರು ಹೊಂದಿಸುವುದು, ಹೆಣ್ಣುಮಕ್ಕಳಿಗೆ ಮರೆಯ ಜಾಗ ಹುಡುಕುವುದು, ಗಲಾಟೆ ಮಾಡಿದವರನ್ನು ಗದರುವುದು ನನ್ನ ಪಾಲಿಗೆ. ಎಲ್ಲಕ್ಕಿಂತ ಮುಂಚೆ, ಊರು ಕೇಳುವುದು.

ಊರು ಕೇಳುವುದು ಅಂದರೆ, ಕಾರ್ಯಕ್ರಮಕ್ಕೆ ಮುಂಚೆ ಆ ಊರಿಗೆ ಹೋಗಿ, ಯಾರದಾದರೂ ಜಗಲಿಯ ಮೇಲೆ ಕೂತು, ಯಾರು ಬರುತ್ತಾರೆ, ಏನು ನೋಡುತ್ತಾರೆ, ಏನು ಮುಟ್ಟುತ್ತಾರೆ, ಎಲ್ಲಿ ಊಟ ಮಾಡುತ್ತಾರೆ ಅಂತ ಹೇಳಿ, ಹೂಂ ಅನ್ನಿಸಿಕೊಂಡು ಬರುವುದು. ಇದನ್ನು ಶುರು ಮಾಡಿದವಳು ನಾನೇ. ಮೊದಲ ಸಲ ಹೇಳಿದಾಗ ನಮ್ಮ ಅಧ್ಯಕ್ಷರು ನಕ್ಕರು.

"ಕೆರೆ ಸರ್ಕಾರದ್ದು, ಕಲ್ಲು ಸರ್ಕಾರದ್ದು. ಯಾರನ್ನು ಕೇಳಬೇಕು ಸಾಕಮ್ಮಾ?"

"ಬೈಯಕ್ಕೆ ಬರೋದು ಸರ್ಕಾರ ಅಲ್ಲ ಸಾ, ಊರು," ಅಂದೆ.

ಆಮೇಲೆ ಅವರು ನಗಲಿಲ್ಲ.

ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತಿತು. ಮದುವೆಯಾಗಿ ರಾಮನಾಥಪುರದ ಕಡೆ ಹೋದ ಮೇಲೆ ಬಹಳ ವರ್ಷ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಎಲೆ ಕಡ್ಡಿಗೆ ಕಟ್ಟಿದೆ. ಬ್ಯಾರನ್ ಅಂದರೆ ಸೊಪ್ಪು ಬೇಯಿಸಿ ಒಣಗಿಸುವ ಎತ್ತರದ ಮನೆ. ಆ ಬಿಸಿ, ಆ ವಾಸನೆ ಸಾಕಾಗಿ ಶಾಲೆಯ ಬಿಸಿಯೂಟಕ್ಕೆ ಸೇರಿದೆ. ಈ ಕೇಂದ್ರದವರು ಒಂದು ಸಲ ನಮ್ಮ ಶಾಲೆಗೆ ಹಕ್ಕಿ ತೋರಿಸಲು ಬಂದಿದ್ದರು. ಮಕ್ಕಳು ಚೆಲ್ಲಾಪಿಲ್ಲಿಯಾಗಿ ಓಡಾಡುತ್ತಿದ್ದವು, ಬಂದವರ ಗಂಟಲು ಯಾರಿಗೂ ಕೇಳುತ್ತಿರಲಿಲ್ಲ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಒಂದು ಸಲ ಕೂಗಿದೆ. ಎಲ್ಲವೂ ಕೂತುಬಿಟ್ಟವು. ಅಧ್ಯಕ್ಷರು ಅವತ್ತೇ, "ನೀವು ನಮ್ಮ ಕಡೆ ಬರ್ತೀರಾ?" ಅಂದರು. ಹೋದೆ. ಆ ಕೆಲಸ ನನಗೆ ಒಗ್ಗಿತು. ಚೆನ್ನಾಗಿ ಮಾಡಿದೆ ಅಂತ ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ.

ಪಾಠ ಹೇಳುವವಳ ಹೆಸರು ಸುಪ್ರಭಾ. ಶ್ರವಣಬೆಳಗೊಳದ ಪಕ್ಕದ ಜಿನನಾಥಪುರದ ಜೈನರ ಮನೆ ಹುಡುಗಿ. ಮೈಸೂರಿನಲ್ಲಿ ಚರಿತ್ರೆ ಓದಿ ಬಂದವಳು. ಹಳೆಯ ಕಲ್ಲಿನ ಅಕ್ಷರದ ಮೇಲೆ ಕನ್ನಡಿ ಹಿಡಿದು ಬಿಸಿಲನ್ನು ಅಡ್ಡಕ್ಕೆ ಬೀಳಿಸಿ ಓದುತ್ತಿದ್ದಳು. ಅವಳು ಮಾತಾಡಲು ನಿಂತರೆ ಎಂಟನೇ ಕ್ಲಾಸಿನ ಗಂಡುಹುಡುಗರೂ ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ಅವಳಲ್ಲಿ ಒಂದೇ ದೋಷ, ಅವಸರ. ತಲೆಗೆ ಬಂದದ್ದನ್ನು ಆ ಗಳಿಗೆಯೇ ಮಾಡಬೇಕು.

ಆ ವರ್ಷ ಅರಕಲಗೂಡಿನ ಒಂದು ಸರ್ಕಾರಿ ಶಾಲೆಯ ಮಕ್ಕಳಿಗೆ ಮಲ್ಲಿಪಟ್ಟಣದ ಆಚೆಯ ಒಂದು ಊರಿನ ಕೆರೆಯಲ್ಲಿ ಕಾರ್ಯಕ್ರಮ ಗೊತ್ತಾಗಿತ್ತು. ಊರಿನ ಹೆಸರು ಬರೆಯುವುದಿಲ್ಲ. ಈಗಲೇ ಅಲ್ಲಿಗೆ ಕಾರು ತಂದು ಫೋಟೋ ತೆಗೆದು ಚಿಪ್ಸಿನ ಕವರು ಬಿಸಾಕಿ ಹೋಗುವವರು ಜಾಸ್ತಿಯಾಗಿದ್ದಾರೆ. ನಾನು ಹೋಗಿ ಕೆರೆಯ ಬಗ್ಗೆ ಊರು ಕೇಳಿದ್ದೆ. ಏರಿಯ ಮೇಲೆ ಮಕ್ಕಳು ನಡೆಯುತ್ತವೆ, ಹಕ್ಕಿ ನೋಡುತ್ತವೆ, ಅಷ್ಟೆ ಅಂದಿದ್ದೆ. ಅವರು ಒಪ್ಪಿದ್ದರು. ಕಲ್ಲಿನ ಮಾತು ಬಂದಿರಲಿಲ್ಲ.

ಏರಿಯ ಕೊನೆಗೆ ಒಂದು ಗೋಣಿಮರ. ಅದರ ಬುಡದಲ್ಲಿ ನನ್ನ ಹೆಗಲೆತ್ತರದ ಒಂದು ಕಲ್ಲು. ಊರಿನವರು ಅದನ್ನು ಬೆಣ್ಣೆಕಲ್ಲಮ್ಮ ಅನ್ನುತ್ತಾರೆ. ಯಾರ ಮನೆಯಲ್ಲಿ ದನ ಕರು ಹಾಕಿದರೂ ಮೊದಲು ಕಡೆದ ಬೆಣ್ಣೆ ಅವಳಿಗೆ. ತಂದು ಅವಳ ನೆತ್ತಿಗೆ ಹಚ್ಚಿ, ಕುಂಕುಮ ಇಟ್ಟು, ದೀಪ ಹಚ್ಚಿ, ಆಮೇಲೆ ಮನೆಯವರು ನಾಲಿಗೆಗೆ ಮುಟ್ಟಿಸುವುದು. ಹಾಗೆ ಎಷ್ಟು ತಲೆಮಾರಿನ ಬೆಣ್ಣೆ, ಎಣ್ಣೆ, ದೀಪದ ಮಸಿ ಮೆತ್ತಿಕೊಂಡು ಕಲ್ಲು ಎಮ್ಮೆಯ ಮೈ ಹಾಗೆ ದಪ್ಪಗೆ ಕಪ್ಪಗೆ ಆಗಿತ್ತು. ನಡುವಿಗೆ ಸೀರೆ ಸುತ್ತಿರುತ್ತಾರೆ. ಮೇಲಿನ ಕೊಂಬೆಗೆ ಬಳೆ ನೇತುಹಾಕಿರುತ್ತಾರೆ. ಒಳಗೆ ಏನಿದೆ ಅಂತ ಯಾರೂ ಕೇಳಿದವರಲ್ಲ.

ಕಾರ್ಯಕ್ರಮಕ್ಕೆ ಹಿಂದಿನ ಶನಿವಾರ ನಾನು ಚನ್ನರಾಯಪಟ್ಟಣದಲ್ಲಿ ಬೀಗರೂಟಕ್ಕೆ ಹೋಗಿದ್ದೆ. ಸುಪ್ರಭಾ ಕೆರೆಯಲ್ಲಿ ಯಾವ ಹಕ್ಕಿ ಬಂದಿವೆ ನೋಡಿಬರಲು ಒಬ್ಬಳೇ ಹೋದಳು. ಕಲ್ಲು ಕಂಡಿತು. ಅದರ ಆಕಾರ ನೋಡಿದೊಡನೆ ಅವಳಿಗೆ ಗೊತ್ತಾಗಿದೆ, ಇದು ವೀರಗಲ್ಲು. ಊರಿಗಾಗಿ ಹೋರಾಡಿ ಸತ್ತವನ ನೆನಪಿಗೆ ಹಿಂದಿನವರು ನಿಲ್ಲಿಸುತ್ತಿದ್ದ ಕಲ್ಲು. ಶುಕ್ರವಾರ ಮಕ್ಕಳು ಬರುತ್ತಾರೆ, ಅವರಿಗೆ ಇದನ್ನು ತೋರಿಸಿದರೆ ಹೇಗೆ ಅನ್ನಿಸಿದೆ. ಮಲ್ಲಿಪಟ್ಟಣಕ್ಕೆ ವಾಪಸ್ಸು ಹೋಗಿ ತಂತಿಬ್ರಷ್ಷು, ಸೋಪಿನ ಪುಡಿ ಕೊಂಡು ತಂದು ನೆತ್ತಿಯಿಂದ ಉಜ್ಜಲು ಶುರು ಮಾಡಿದ್ದಾಳೆ.

ಮೇಲಿನ ಭಾಗ ಬಿಡಿಸಿಕೊಂಡಿತ್ತು, ಅಷ್ಟರಲ್ಲಿ ದೊಡ್ಡತಾಯಮ್ಮ ಬಂದಳು. ಊರಿಗೆಲ್ಲ ಹಿರಿಯಳು, ನನಗಿಂತಲೂ ದೊಡ್ಡವಳು. ಅವಳ ಹಸು ಕರು ಹಾಕಿತ್ತು. ಬೋಗುಣಿಯಲ್ಲಿ ಬೆಣ್ಣೆ ಹಿಡಿದುಕೊಂಡು ಬಂದವಳು ನೋಡುತ್ತಾಳೆ, ಪ್ಯಾಂಟು ಹಾಕಿದ ಹುಡುಗಿಯೊಬ್ಬಳು ಅಮ್ಮನ ತಲೆಯ ಮೇಲೆ ಕಬ್ಬಿಣದ ಬ್ರಷ್ಷು ಆಡಿಸುತ್ತಿದ್ದಾಳೆ. ಅವಳು ಕೂಗಿದ ಕೂಗಿಗೆ ಗದ್ದೆಯಲ್ಲಿದ್ದವರೆಲ್ಲ ಓಡಿಬಂದರು. ಬಂದು ನೋಡಿದರೆ ಅಮ್ಮನ ಮುಖ ಕಾಣುತ್ತಿದೆ. ತುರುಬು ಇದೆ, ಕಿವಿಯಲ್ಲಿ ಓಲೆ ಇದೆ. ಮೂಗಿನ ಕೆಳಗೆ ಚೆನ್ನಾಗಿ ತಿರುವಿದ ಮೀಸೆಯೂ ಇದೆ.

ಸೋಮವಾರ ಅರಕಲಗೂಡಿನ ಶಿಕ್ಷಣ ಇಲಾಖೆಯ ಸಾಹೇಬರು ನಮ್ಮಿಬ್ಬರನ್ನು ಕರೆಸಿದರು. ಅಲ್ಲಿ ದೊಡ್ಡತಾಯಮ್ಮನ ಮಗ ರಾಜೇಗೌಡ ಮೊಬೈಲು ಹಿಡಿದುಕೊಂಡು ನಿಂತಿದ್ದ.

"ಸಾ, ನಮ್ಮಮ್ಮಂಗೆ ಮೀಸೆ ಕೆತ್ತವ್ಳೆ ಸಾ ಇವ್ಳು!"

ಸಾಹೇಬರು ಫೋಟೋ ದೊಡ್ಡದು ಮಾಡಿ ನೋಡಿದರು. "ಕೆತ್ತನೆ ಹಳೇದೇ ಅನ್ಸುತ್ತಲ್ರೀ."

"ಅದೆಂಗೆ ಅಳೇದು ಸಾ? ಸುಕ್ರವಾರ ಇರ್ನಿಲ್ಲ, ಸನಿವಾರ ಐತೆ!"

ಸಾಹೇಬರಿಗೆ ನಗು ಬಂತು, ನುಂಗಿಕೊಂಡರು. ನನಗೂ ಬಂತು. ರಾಜೇಗೌಡನಿಗೆ ಮಾತ್ರ ನಗುವ ವಿಷಯವಾಗಿರಲಿಲ್ಲ. ಆಚೆ ಅವನ ಊರಿನವರು ಒಂದು ಟೆಂಪೋ ತುಂಬ ಬಂದು ಕೂತಿದ್ದರು.

ಸಾಹೇಬರು ಸುಪ್ರಭಳ ಕಡೆ ತಿರುಗಿ ಹೇಳಿದ್ದು ಇಷ್ಟು: "ಕಲ್ಲು ಯಾವ ಕಾಲದ್ದೋ ನನಗೆ ಬೇಡ. ಶುಕ್ರವಾರದ ಹೊತ್ತಿಗೆ ಊರಿನವರು ಒಪ್ಪಿದರೆ ಸರಿ. ಇಲ್ಲದಿದ್ದರೆ ಈ ತಾಲ್ಲೂಕಿನ ಒಂದು ಮಗುವನ್ನೂ ನಿಮ್ಮ ಜೊತೆ ಕಳಿಸೋದಿಲ್ಲ."

ಅದರ ಅರ್ಥ ನಮಗೆ ಗೊತ್ತಿತ್ತು. ಅರಕಲಗೂಡು ಬಾಗಿಲು ಹಾಕಿದರೆ ಹೊಳೆನರಸೀಪುರವೂ ಚನ್ನರಾಯಪಟ್ಟಣವೂ ಹಾಕುತ್ತವೆ. ದೇವರ ತಂಟೆ ಯಾವ ಅಧಿಕಾರಿಗೂ ಬೇಡ. ಮಕ್ಕಳಿಲ್ಲದೆ ಕೇಂದ್ರ ಇಲ್ಲ. ಸುಪ್ರಭಾ ಹಾಸನದ ಕಡೆ ಎಲ್ಲಿ ಹೋದರೂ ಅಮ್ಮನಿಗೆ ಮೀಸೆ ಬರೆದ ಹುಡುಗಿ ಅಂತಲೇ ಗುರುತು ಹಿಡಿಯುತ್ತಾರೆ.

ಬಸ್ಸಿನಲ್ಲಿ ಅವಳು ಅತ್ತಳು. ಅಳಲಿ ಅಂತ ಬಿಟ್ಟೆ. ಸುಮ್ಮನಾದ ಮೇಲೆ ಕೇಳಿದೆ, "ಅಲ್ಲ ಕಣ್ ಕೂಸೇ, ಯಾರ್ನೂ ಕೇಳ್ದೆ ಕೈ ಹಾಕ್ಬುಟ್ಯಲ್ಲ, ಯಾಕೆ?"

"ನಮ್ಮಲ್ಲಿ ಬಸದೀಲಿ ದಿನಾ ಅಭಿಷೇಕ ಮಾಡ್ತೀವಿ ಸಾಕಜ್ಜಿ. ನೀರು, ಹಾಲು ಹಾಕಿ, ತೊಳೆದು, ಒರೆಸಿ. ಸಣ್ಣವಳಿಂದ ನೋಡಿದೀನಿ. ದೇವರನ್ನ ತೊಳೆದರೆ ಯಾರಾದರೂ ಬೈತಾರೆ ಅಂತ ನನ್ನ ತಲೆಗೆ ಬರಲೇ ಇಲ್ಲ. ಖುಷಿ ಪಡ್ತಾರೆ ಅಂದ್ಕೊಂಡಿದ್ದೆ."

ಅದು ನಿಜವೇ ಇರಬೇಕು. ಅವಳ ಊರಲ್ಲಿ ತೊಳೆಯುವುದೇ ಪೂಜೆ. ಈ ಊರಲ್ಲಿ ಮೆತ್ತುವುದೇ ಪೂಜೆ. ಹಾಗಂತ ತಪ್ಪು ಅವಳದಲ್ಲ ಅಂತ ನಾನು ಬರೆಯುವುದಿಲ್ಲ. ಒಂದು ಮಾತು ಕೇಳಿದ್ದರೆ ಮುಗಿದಿತ್ತು.

"ರಾಜೀನಾಮೆ ಕೊಟ್ಟುಬಿಡ್ತೀನಿ," ಅಂದಳು.

"ಕೊಟ್ರೆ ಆ ಬೆಣ್ಣೆ ವಾಪಸ್ ಬತ್ತದಾ? ಮೂಗು ಒರೆಸ್ಕೊ. ಆ ಕಲ್ಲಲ್ಲಿ ಕೆಳಗೆ ಏನಿರ್ತದೆ ಹೇಳು."

ಅವಳು ಬಿಡಿಸಿ ಹೇಳಿದಳು. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಅವನು ಹೇಗೆ ಸತ್ತ ಅನ್ನುವುದು, ಅಂದರೆ ಕಾಳಗ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು. ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕೂತಿರುವುದು. ಅವಳು ಉಜ್ಜಿದ್ದು ಮೇಲಿನದನ್ನು ಮಾತ್ರ.

"ಕೆಳಗೆ ಯಾವ ಕಾಳಗ?"

"ದನ ಕಳ್ಳರ ಜೊತೆ ಇರಬಹುದು. ಹುಲಿ ಜೊತೆ, ಹಂದಿ ಜೊತೆ ಇರಬಹುದು. ಊರೂರಿಗೆ ಜಗಳ ಇರಬಹುದು. ನೋಡದೆ ಹೇಳಕ್ಕಾಗಲ್ಲ."

"ಅಂದಾಜು ಹೇಳು."

"ಹೇಳಲ್ಲ ಸಾಕಜ್ಜಿ. ಒಂದು ಸಲ ಅವಸರ ಮಾಡಿದ್ದು ಸಾಕು."

ಆ ಉತ್ತರ ನನಗೆ ಹಿಡಿಸಿತು.

ಮಂಗಳವಾರ ಇಬ್ಬರೂ ದೊಡ್ಡತಾಯಮ್ಮನ ಮನೆಗೆ ಹೋದೆವು. ಜಗಲಿಯ ಮೇಲೆ ಅವಳೂ ಇನ್ನಷ್ಟು ಹೆಂಗಸರೂ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕೂತುಕೊಳ್ಳಿ ಅನ್ನಲಿಲ್ಲ. ನಿಂತೇ ಇದ್ದೆವು. ಸುಪ್ರಭಾ ಬಗ್ಗಿ ಅವಳ ಕಾಲು ಮುಟ್ಟಲು ಹೋದಳು. ಅವಳು ಕಾಲು ಒಳಗೆ ಎಳೆದುಕೊಂಡಳು.

"ತಪ್ಪಾಯ್ತು ಅಜ್ಜಿ. ಕೇಳದೆ ಮಾಡಿದೆ."

"ತಪ್ಪಾಯ್ತು ಅಂದ್ಬುಟ್ರೆ ಆಗೋಯ್ತಾ? ಅದ್ರಲ್ಲಿ ನಮ್ಮತ್ತೆ ಅಚ್ಚಿದ್ ಬೆಣ್ಣೆ ಇತ್ತು ಕಣಮ್ಮಿ. ಅವ್ರತ್ತೆ ಅಚ್ಚಿದ್ದು ಇತ್ತು. ನಾನು ಈ ಮನೆಗೆ ಬಂದ್ ವರ್ಸ ಅಚ್ಚಿದ್ದು ಇತ್ತು. ನೀನು ಸೋಪಾಕಿ ತೊಳ್ದು ಕೆರೆಗೆ ಬುಟ್ಟೆ."

ಸುಪ್ರಭಾ ಹುಡುಕಿದ ಚರಿತ್ರೆ ಒಳಗಿತ್ತು. ಅವಳು ಕೆರೆದು ಹಾಕಿದ್ದೂ ಚರಿತ್ರೆಯೇ. ಆ ಹೊತ್ತಿನಲ್ಲಿ ಅವಳಿಗೂ ಅದು ಹೊಳೆದಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು.

ನಾನು ಕ್ಷಮೆ ಕೇಳಲು ಹೋದವಳಲ್ಲ. ಕೇಳಬೇಕಾದವಳು ಕೇಳಿ ಆಗಿತ್ತು. ನಾನು ಹೇಳಿದೆ, "ದೊಡ್ಡತಾಯಕ್ಕ, ಓಗಿದ್ದು ಓಯ್ತು. ಈಗ ಅಲ್ಲಿ ಅವ್ಳು ಎಂಗ್ ನಿಂತವ್ಳೆ ನೋಡಿದ್ಯಾ? ತಲೆ ತೊಳ್ದು ಆಗೈತೆ, ಮೈಯೆಲ್ಲಾ ಜಿಡ್ಡು ಅಂಗೇ ಐತೆ. ನಿನ್ ಮೊಮ್ಮಗಳಿಗೆ ಎಣ್ಣೆ ಅಚ್ಚಿ, ತಲೆಗೆ ಮಾತ್ರ ಎರ್ದು, ಮೈಗೆ ನೀರಾಕ್ದೆ ಬಚ್ಚಲಲ್ಲಿ ನಿಲ್ಲಿಸ್ಬುಟ್ಟು ಬತ್ತೀಯಾ?"

ಒಬ್ಬ ಸೊಸೆ ಕಿಸಕ್ಕನೆ ನಕ್ಕಳು. ದೊಡ್ಡತಾಯಮ್ಮ ಅವಳ ಕಡೆ ಕೆಕ್ಕರಿಸಿ ನೋಡಿದಳು. ಆಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅವಳ ಕೈ ನಿಂತಿತು. ಆ ಮಾತು ನಾಟಿದೆ ಅಂತ ನನಗೆ ಗೊತ್ತಾಯಿತು.

"ಸನಿವಾರದಿಂದ ಅಂಗೇ ನಿಂತವ್ಳಲ್ಲ," ಅಂತ ತನಗೆ ತಾನೇ ಹೇಳಿಕೊಂಡಳು. ಆಮೇಲೆ ನನಗೆ, "ಎರೆಯೋದಾದ್ರೆ ನಾವ್ ಎರೀತೀವಿ. ಇವ್ಳು ಮುಟ್ಟಂಗಿಲ್ಲ."

"ಮುಟ್ಟಲ್ಲ."

"ಬ್ರಸ್ಸು?"

"ಬ್ರಷ್ಷು ಇಲ್ಲ, ಸೋಪು ಇಲ್ಲ. ಸೀಗೇಕಾಯಿ, ಅಂಟುವಾಳ, ಬಿಸಿನೀರು, ನಿಮ್ ಕೈ."

ರಾಜೇಗೌಡ ಒಳಗಿನಿಂದ ಬಂದ. "ತೊಳ್ದ್ ಮ್ಯಾಲೂ ಮೀಸೆ ಇದ್ರೆ?"

"ಇದ್ದೇ ಇರ್ತದೆ ಕಣಪ್ಪ. ತೊಳ್ದ್ರೆ ಓಗೋ ಮೀಸೆ ಅಲ್ಲ ಅದು. ಕೆಳಗೇನೈತೆ ನೋಡೋಣ. ನಿಮಗೆ ಒಪ್ಪಿಗೆ ಆಗದ್ದು ಕಂಡ್ರೆ ನೀವು ಏನ್ ಬರೆದು ಕೊಟ್ರೂ ನಾವು ರುಜು ಹಾಕಿ ಹೋಗ್ತೀವಿ. ಈ ಊರಿಗೆ ಕಾಲಿಡಲ್ಲ."

ಸುಪ್ರಭಾ ನನ್ನ ಸೆರಗು ಹಿಡಿದು ಎಳೆದಳು. ಕೆಳಗೆ ಏನಿದೆ ಅಂತ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದರೆ ಅರ್ಧ ಭರವಸೆ ಕೊಟ್ಟರೆ ದೊಡ್ಡತಾಯಮ್ಮನಂಥ ಹೆಂಗಸು ನಂಬುವುದಿಲ್ಲ.

"ಸುಕ್ರವಾರ," ಅಂದಳು ದೊಡ್ಡತಾಯಮ್ಮ. "ಎಣ್ಮಕ್ಕಳಿಗೆ ಎರೆಯೋದು ಸುಕ್ರವಾರ." ಆಮೇಲೆ, "ಕೂತ್ಕಳಿ, ಕಾಪಿ ಕುಡೀರಿ," ಅಂದಳು. ಅಲ್ಲಿಯವರೆಗೂ ನಿಂತೇ ಇದ್ದೆವು.

ಶುಕ್ರವಾರ ಅಂದರೆ ಮಕ್ಕಳು ಬರುವ ದಿನವೇ. ನಾನು ಸಾಹೇಬರಿಗೆ ಫೋನು ಮಾಡಿ ವಿಷಯ ಹೇಳಿದೆ. ಅವರು, "ಮಕ್ಕಳು ಬರಲಿ, ನಾನೂ ಬರ್ತೀನಿ. ಊರಿನವರು ಬೇಡ ಅಂದರೆ ಅಲ್ಲಿಂದಲೇ ವಾಪಸ್ಸು," ಅಂದರು.

ಅವತ್ತು ನಮ್ಮ ಕ್ರಮ ತಿರುಗುಮುರುಗಾಯಿತು. ಪ್ರಕೃತಿ ಬೆಳಿಗ್ಗೆಗೆ ಬಂತು. ಕೆರೆಯ ಹಿಂದೆ ರಾಜೇಗೌಡನ ಹೊಲದ ಬದುವಿನಲ್ಲಿ ದೊಡ್ಡ ಅಂಟುವಾಳದ ಮರವಿತ್ತು. ಸುಪ್ರಭಾ ಮಕ್ಕಳನ್ನು ಅದರ ಕೆಳಗೆ ಕೂರಿಸಿದಳು. ಎಲೆ ಹೇಗಿದೆ, ಕಾಯಿ ಯಾವಾಗ ಉದುರುತ್ತದೆ, ಸಿಪ್ಪೆಯಲ್ಲಿ ನೊರೆ ಯಾಕೆ ಬರುತ್ತದೆ, ಅಂಗಡಿ ಸೋಪು ಬರುವ ಮುಂಚೆ ಬಟ್ಟೆಯನ್ನೂ ಒಡವೆಯನ್ನೂ ಜನ ಯಾವುದರಿಂದ ತೊಳೆಯುತ್ತಿದ್ದರು, ಎಲ್ಲ ಹೇಳಿದಳು. ಮಕ್ಕಳು ಉದುರಿದ ಕಾಯಿ ಆಯ್ದು, ಬೀಜ ಬಿಡಿಸಿ, ಬಿಸಿನೀರಿನಲ್ಲಿ ಹಿಸುಕಿದವು. ಬಕೆಟ್ಟಿನ ತುಂಬ ನೊರೆ. ಒಂದು ಹುಡುಗ ನೊರೆ ತೆಗೆದು ಮೀಸೆ ಮಾಡಿಕೊಂಡ. ನಾನು ಗದರಿಸಲು ಹೋದೆ, ಅಷ್ಟರಲ್ಲಿ ದೊಡ್ಡತಾಯಮ್ಮನೇ ನಕ್ಕುಬಿಟ್ಟಳು. ಸುಮ್ಮನಾದೆ.

ಹೆಂಗಸರು ಕಲ್ಲಿನ ಸುತ್ತ ಕೂತರು. ಮೊದಲು ಸೀರೆ ಬಿಚ್ಚಿ ಮಡಿಸಿ ಇಟ್ಟರು. ಆಗ ಗಂಡಸರೆಲ್ಲ ಏರಿಯ ಆಚೆ ತಿರುಗಿ ನಿಂತರು. ಸಾಹೇಬರೂ ತಿರುಗಿದರು. ಬೆಚ್ಚಗಿನ ಹರಳೆಣ್ಣೆ ಹಚ್ಚಿ ತಿಕ್ಕಿದರು. ಹಳೆಯ ಜಿಡ್ಡು ಮೆತ್ತಗಾಯಿತು. ಸೀಗೆಪುಡಿ ಹಾಕಿದರು, ನೊರೆ ಹುಯ್ದರು, ಮತ್ತೆ ಬಿಸಿನೀರು. ಮಕ್ಕಳು ಸಾಲಾಗಿ ನಿಂತು ಚೆಂಬು ಚೆಂಬಾಗಿ ನೀರು ಕೈ ದಾಟಿಸಿದವು. ಕಪ್ಪು ಪದರ ಕೈಗೆ ಹೆಪ್ಪಾಗಿ ಬರುತ್ತಿತ್ತು. ದೊಡ್ಡತಾಯಮ್ಮ ಅದನ್ನು ನೆಲಕ್ಕೆ ಬೀಳಲು ಬಿಡಲಿಲ್ಲ. ಒಂದು ಹಿತ್ತಾಳೆ ತಟ್ಟೆಯಲ್ಲಿ ಹಾಕಿಸಿ ಗೋಣಿಮರದ ಬೇರಿನ ಸಂದಿಯಲ್ಲಿ ಇಡಿಸಿದಳು.

ನಡುವಿನ ಅಂತಸ್ತು ಬಿಡಿಸಿಕೊಂಡಿತು. ಇಬ್ಬರು ಹೆಂಗಸರು ಆ ಕಡೆ ಈ ಕಡೆ ನಿಂತು ಮೀಸೆಯವನನ್ನು ತೋಳು ಹಿಡಿದು ಎತ್ತುತ್ತಿದ್ದರು. ಸೊಂಟ ಬಳುಕಿತ್ತು, ಕೈತುಂಬ ಬಳೆ ಇತ್ತು.

"ನೋಡ್ರೇ," ಅಂದಳು ದೊಡ್ಡತಾಯಮ್ಮ, "ಎಣ್ಮಕ್ಕಳು ಅವ್ರೆ. ಸೀರೆ ಬಳೆ ಇವ್ರಿಗೆ ಓಗದೆ ಇನ್ಯಾರಿಗೆ ಓಯ್ತದೆ?"

ಎಲ್ಲರೂ ನಕ್ಕರು, ಗಂಡಸರೂ ಈ ಕಡೆ ತಿರುಗಿದರು. ರಾಜೇಗೌಡ ಮಾತ್ರ ನಗಲಿಲ್ಲ. ಅವನು ಕೆಳಗಿನ ಅಂತಸ್ತಿಗೆ ಕಾಯುತ್ತಿದ್ದ. ನಾನೂ ಅದಕ್ಕೇ ಕಾಯುತ್ತಿದ್ದೆ. ಬೆಣ್ಣೆಯೆಲ್ಲ ಇಳಿದು ಇಳಿದು ಕೆಳಗೆ ಬಹಳ ದಪ್ಪಗಾಗಿತ್ತು. ಸುಪ್ರಭಾ ದೂರದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಒಂದು ಹೆಜ್ಜೆ ಮುಂದೆ ಬರಲಿಲ್ಲ. ಕೈ ಬಿಟ್ಟರೆ ತಾನಾಗಿ ಕಲ್ಲಿಗೆ ಹೋದೀತು ಅಂತ ಹೆದರಿ ಕಟ್ಟಿಕೊಂಡಂತಿತ್ತು.

ಚೆಂಬು ಹಿಡಿದಿದ್ದ ಒಂದು ಹುಡುಗಿ ಮೊದಲು ಕೂಗಿದಳು. "ಬಾಲ! ಬಾಲ ಐತೆ!"

"ಉಲಿ ಬಾಲ ಅದು," ಅಂದ ರಾಜೇಗೌಡ. "ಅಮ್ಮನ ಬುಡದಾಗೆ ಉಲಿ."

ಸುಪ್ರಭಾ ಕಣ್ಣು ಮುಚ್ಚಿಕೊಂಡಳು. ಹೆಂಗಸರು ಇನ್ನೊಂದು ಸಲ ನೀರು ಹುಯ್ದು ಕೈಯಲ್ಲಿ ಒರೆಸಿದರು.

"ಉಲಿಗೆ ಕೊಂಬು ಇರ್ತದಾ ಮಾಮ?" ಅಂದಳು ಆ ಹುಡುಗಿ.

ಕೊಂಬೇ. ಒಂದರ ಹಿಂದೆ ಒಂದು, ಕೊಂಬು, ಗಂಗೆದೊಗಲು, ಬಾಲ. ಸಾಲು ಸಾಲು ದನ. ನಡುವೆ ಒತ್ತರಿಸಿಕೊಂಡು ಒಂದು ಕರು. ಅವುಗಳ ಮುಂದೆ ಆ ಮೀಸೆಯವನು ಕತ್ತಿ ಎತ್ತಿ ನಿಂತಿದ್ದ, ಎದೆಗೆ ಬಾಣ ನಾಟಿತ್ತು.

ಮಕ್ಕಳ ಗಲಾಟೆ ನಿಂತಿತು. ಅವುಗಳನ್ನು ನಾನು ಸುಮ್ಮನಿರಿಸಲಿಲ್ಲ, ತಾವಾಗಿಯೇ ಸುಮ್ಮನಾದವು. ದೊಡ್ಡತಾಯಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ತಿರುಗಿದಳು.

"ಏಯ್ ಉಡ್ಗಿ, ಅಲ್ಲಿ ನಿಂತ್ಕಂಡು ಏನ್ ಮಾಡ್ತೀಯ? ಬಾ ಇಲ್ಲಿ. ಇದೇನು ಏಳು."

ಸುಪ್ರಭಾ ಬಂದಳು. ಮುಟ್ಟದೆ, ಬೆರಳು ತೋರಿಸಿ ಹೇಳಿದಳು. ಹಿಂದೆ ಊರ ದನವನ್ನು ಹೊಡೆದುಕೊಂಡು ಹೋಗುವ ಕಳ್ಳರ ಗುಂಪುಗಳು ಇರುತ್ತಿದ್ದವು. ದನ ಹೋದರೆ ಊರೇ ಹೋದ ಹಾಗೆ. ಇವನು ಅವುಗಳ ಹಿಂದೆ ಹೋದವನು. ದನ ಬಿಡಿಸುವ ಕಾಳಗದಲ್ಲಿ ಸತ್ತವನು. ಅವನಿಗೆ ಊರು ನಿಲ್ಲಿಸಿದ ಕಲ್ಲು ಇದು.

"ಎಸ್ರೇನು?"

ಅವಳು ಕನ್ನಡಿ ತೆಗೆದು ಅಂತಸ್ತುಗಳ ನಡುವಿನ ಅಕ್ಷರದ ಪಟ್ಟಿಯ ಮೇಲೆ ಬಿಸಿಲು ಬೀಳಿಸಿ ಬಹಳ ಹೊತ್ತು ನೋಡಿದಳು. ಅಕ್ಷರ ಸವೆದುಹೋಗಿತ್ತು. "ಓದಕ್ಕಾಗಲ್ಲ ಅಜ್ಜಿ. ಹೆಸರು ಗೊತ್ತಾಗಲ್ಲ," ಅಂದಳು.

ಊರಿಗೆ ಊರೇ ಬಾಯಿ ನೋಡುತ್ತಾ ನಿಂತಿರುವಾಗ ಒಂದು ಹೆಸರು ಕಟ್ಟಿ ಹೇಳುವುದು ಸುಲಭವಿತ್ತು. ಅವಳು ಹೇಳಲಿಲ್ಲ. ಅವತ್ತು ಅವಳ ಬಗ್ಗೆ ನನಗೆ ಹೆಮ್ಮೆಯಾದದ್ದು ಆ ಗಳಿಗೆಯಲ್ಲಿ.

ದೊಡ್ಡತಾಯಮ್ಮ ಆ ಕರುವನ್ನೇ ನೋಡುತ್ತಿದ್ದಳು. "ಅದ್ಕೇ ಕಣ್ರೇ," ಅಂದಳು, "ದನ ಕರಾಕಿದ್ ಮೊದ್ಲ ಬೆಣ್ಣೆ ಇವ್ನಿಗೆ ಓಗ್ತಿತ್ತು."

"ಅದಕ್ಕೇ ಅಂತ ನಾನು ಖಂಡಿತವಾಗಿ ಹೇಳಕ್ಕಾಗಲ್ಲ ಅಜ್ಜಿ," ಅಂದಳು ಸುಪ್ರಭಾ. "ಅದಕ್ಕೆ ಆಧಾರ..."

"ನೀನು ಏಳ್ಬೇಡ. ನಾ ಏಳ್ತೀನಿ."

ಸಾಹೇಬರು ಜೋರಾಗಿ ನಕ್ಕರು. ರಾಜೇಗೌಡ ತನ್ನ ಹೆಗಲ ಮೇಲಿದ್ದ ಟವೆಲ್ಲು ತೆಗೆದು, ಸ್ವಲ್ಪ ಸಂಕೋಚದಿಂದಲೇ, ಕಲ್ಲಿನ ಮೇಲಿನ ಅಂತಸ್ತನ್ನು ಒರೆಸಿದ. ಒರೆಸುವಾಗ ಮೀಸೆಯ ಹತ್ತಿರ ಅವನ ಕೈ ನಿಧಾನವಾಯಿತು. ಕೆನ್ನೆಯ ಮೇಲೆ ಬ್ರಷ್ಷಿನ ಗೀರು ಇತ್ತು. ಅದು ಈಗಲೂ ಇದೆ. ಹೋಗುವುದಿಲ್ಲ.

ದೊಡ್ಡತಾಯಮ್ಮ ಹಿಂದಿನ ಶನಿವಾರ ಹಚ್ಚಲಾಗದೆ ಮನೆಗೆ ವಾಪಸ್ಸು ಒಯ್ದಿದ್ದ ಬೆಣ್ಣೆಯ ಬೋಗುಣಿ ತರಿಸಿದಳು. ನೆತ್ತಿಗೆ ಹಚ್ಚಿದಳು. ಉಳಿದದ್ದನ್ನು ಮಕ್ಕಳ ಅಂಗೈಗೆ ಒಂದೊಂದು ಚೂರು ಇಟ್ಟಳು. ಸುಪ್ರಭಳಿಗೆ ಕೊನೆಗೆ ಕೊಟ್ಟಳು. "ನಾಲ್ಗೆಗೆ ಇಟ್ಕೊ. ಬ್ರಸ್ಸಾಕಿ ಉಜ್ಬೇಡ," ಅಂದಳು. ಅಷ್ಟು ನಗುವನ್ನು ಆ ಏರಿ ಯಾವತ್ತೂ ಕೇಳಿರಲಿಕ್ಕಿಲ್ಲ.

ಮಧ್ಯಾಹ್ನ ಅದೇ ಗೋಣಿಮರದ ಕೆಳಗೆ ಊಟ ಬಡಿಸಿದೆ. ಊಟ ಮಾಡುತ್ತಾ ಊರೇ ಕೂತು ಒಂದು ತೀರ್ಮಾನ ಮಾಡಿತು. ಬೆಣ್ಣೆ ನೆತ್ತಿಗೆ ಮಾತ್ರ, ಕೆಳಗೆ ಇಳಿದರೆ ಒರೆಸುವುದು. ಸಂಕ್ರಾಂತಿಗೆ ದನಗಳ ಮೈ ತೊಳೆದು ಕಿಚ್ಚು ಹಾಯಿಸುವ ದಿನ ಈ ಕಲ್ಲಿಗೂ ಎರೆಯುವುದು. ಸೀರೆ ನಡುವಿನ ಇಬ್ಬರಿಗೆ, ಮೇಲಿನವನಿಗೆ ಒಂದು ಟವೆಲ್ಲು. ಹೆಸರು ಮಾತ್ರ ಬದಲಾಗಲಿಲ್ಲ. ಮೀಸೆ ಇದ್ದರೂ ಅವರು ಇವತ್ತಿಗೂ ಬೆಣ್ಣೆಕಲ್ಲಮ್ಮ ಅಂತಲೇ ಕರೆಯುತ್ತಾರೆ. ಸುಪ್ರಭಾ ಅದನ್ನು ತಿದ್ದಲು ಹೋಗಲಿಲ್ಲ.

ಸಾಹೇಬರು ಜೀಪು ಹತ್ತುವಾಗ ನನ್ನನ್ನು ಕೇಳಿದರು, "ಮುಂದಿನ ವಾರ ಯಾವ ಶಾಲೆ ಸಾಕಮ್ಮಾ?" ಅಲ್ಲಿಗೆ ದೂರು ಮುಗಿಯಿತು.

ಆಮೇಲೆ ಆ ಊರಿಗೆ ಎಷ್ಟೋ ಸಲ ಹೋದೆವು. ಚನ್ನರಾಯಪಟ್ಟಣದ ಸಂಘದ ಹೆಂಗಸರನ್ನು ಕರೆದುಕೊಂಡು ಹೋದೆವು, ಹಾಸನದ ಕಾಲೇಜಿನವರನ್ನು ಕರೆದುಕೊಂಡು ಹೋದೆವು. ಕಲ್ಲಿನ ಕಥೆ ದೊಡ್ಡತಾಯಮ್ಮ ಹೇಳುತ್ತಾಳೆ, ಕಾಲ, ಆಧಾರ ಸುಪ್ರಭಾ ಹೇಳುತ್ತಾ ಬರುತ್ತಾಳೆ. ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ತಡೆಯುತ್ತಾರೆ, ಜಗಳ ಆಡುತ್ತಾರೆ. ಬಂದವರಿಗೆ ಪಾಠಕ್ಕಿಂತ ಆ ಜಗಳವೇ ನೆನಪಿರುತ್ತದೆ. ಇರಲಿ, ಅದರಲ್ಲೇ ಎಲ್ಲ ಇದೆ.

ಮಂಡಿ ನೋವು ಜಾಸ್ತಿಯಾಗಿ ನಾನು ಕೆಲಸ ಬಿಟ್ಟೆ. ಈಗ ಕೇಂದ್ರ ನೋಡಿಕೊಳ್ಳುವವಳು ಸುಪ್ರಭಾ. ಹೊಸಬರು ಸೇರಿದರೆ ಅವರಿಗೆ ಮೊದಲು ಶಾಸನ ಓದಲು ಕಲಿಸುವುದಿಲ್ಲ, ಹಕ್ಕಿಯ ಹೆಸರೂ ಹೇಳಿಕೊಡುವುದಿಲ್ಲ. ಯಾವುದಾದರೂ ಊರಿಗೆ ಕಳಿಸಿ, ಕೂತುಕೊಳ್ಳಿ ಅನ್ನುವವರೆಗೆ ಜಗಲಿಯ ಮುಂದೆ ನಿಂತು ಬನ್ನಿ ಅನ್ನುತ್ತಾಳೆ. ಅದು ನಾನು ಹಾಕಿಕೊಟ್ಟ ದಾರಿ. ಯಾರು ಬೇಕಾದರೂ ಕೇಳಿ, ಅವಳೇ ಹೇಳುತ್ತಾಳೆ.

ಆ ತಂತಿಬ್ರಷ್ಷನ್ನು ಅವಳು ಬಿಸಾಕಲಿಲ್ಲ. ಕೇಂದ್ರದ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದಾಳೆ. ಪಕ್ಕದಲ್ಲಿ ಚೀಟಿ ಇಲ್ಲ, ಬರಹ ಇಲ್ಲ. ಹೊಸದಾಗಿ ಬಂದವರು ಒಂದೆರಡು ದಿನ ನೋಡಿ ನೋಡಿ, ಕೊನೆಗೆ ತಡೆಯಲಾರದೆ, ಇದನ್ನು ಯಾಕೆ ಇಲ್ಲಿ ನೇತುಹಾಕಿದ್ದೀರಿ ಅಂತ ಕೇಳುತ್ತಾರೆ.

ಕೇಳಿದರಲ್ಲ, ಅಲ್ಲಿಗೆ ಮೊದಲ ಪಾಠ ಆಯಿತು.